ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ

ಮಕ್ಕಳಲ್ಲಿ ಭೇದವೆಣಿಸುವ ತಾಯಿಯನ್ನೋ, ಶಿಷ್ಯರಲ್ಲಿ ತಾರತಮ್ಯ ತೋರುವ ಗುರುವನ್ನೋ ಕುರಿತು ನಮ್ಮ ಜನ ಆಡುವ ಗಾದೆಯೊಂದಿದೆ: ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಬೆಣ್ಣೆ ತಂಪು, ಸುಣ್ಣ ಉರಿ. ಗಾದೆಯ ಅರ್ಥ ಅಲ್ಲಿಗೆ ಮುಗಿಯಿತೆಂದು ನಾನು ಬಹುಕಾಲ ತಿಳಿದಿದ್ದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡ ಪಾಠ ಹೇಳಿ, ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟೋ ಪ್ರಶ್ನೆಪತ್ರಿಕೆಗಳಲ್ಲಿ ಕೇಳಿದವನು ನಾನು. ಆದರೆ ಗಾದೆಯ ಎರಡು ಪದಾರ್ಥಗಳೂ ಬೆಳ್ಳಗಿವೆ, ಹಾಗಿದ್ದೂ ಎರಡರ ಬಿಳುಪು ಒಂದೇ ಅಲ್ಲ ಎಂಬ ಸರಳ ಸಂಗತಿ ನನ್ನ ಬುದ್ಧಿಗೆ ಹೊಳೆದದ್ದು ಈಚೆಗೆ, ನಮ್ಮ ತಾಯಿಯವರ ಕೋಣೆಗೆ ಬಣ್ಣ ಹಚ್ಚಿಸಲು ಹೊರಟಾಗ.

ಮೈಸೂರಿನ ನಮ್ಮ ಮನೆ ತಂದೆಯವರು ಕಟ್ಟಿಸಿದ್ದು. ಅದರ ಉತ್ತರದ ಕೋಣೆ ತಾಯಿಯವರದು. ಅವರಿಗೆ ಈಗ ಎಂಬತ್ತಮೂರು ವರ್ಷ. ಮಳೆಗಾಲದಲ್ಲಿ ಗೋಡೆಗೆ ತೇವ ಏರಿ, ಬಣ್ಣ ಹೊಪ್ಪಳಿಕೆ ಎದ್ದು ಉದುರತೊಡಗಿದಾಗ ಬಣ್ಣದ ಮೇಸ್ತ್ರಿಯನ್ನು ಕರೆಸಿದೆ. ಅವನು ಗೋಡೆಯನ್ನು ತಟ್ಟಿ ನೋಡಿ, ದರ ಹೇಳಿ, ಬಣ್ಣದ ಅಂಗಡಿಯ ಪುಸ್ತಕವೊಂದನ್ನು ಮುಂದಿಟ್ಟು ಹೋದ. ಬೆಂಗಳೂರಿನಿಂದ ನನ್ನ ತಮ್ಮನೂ ಬಂದಿದ್ದ. ಖರ್ಚಿನಲ್ಲಿ ಅರ್ಧ ಅವನದು; ಆದ್ದರಿಂದ ಅಭಿಪ್ರಾಯದಲ್ಲಿಯೂ ಅರ್ಧ ಅವನದು. ವಯಸ್ಸಾದವರ ಕೋಣೆ, ಕಣ್ಣಿಗೆ ಹೊಡೆಯುವ ಬಣ್ಣ ಬೇಡ ಎಂಬಲ್ಲಿಯವರೆಗೆ ಇಬ್ಬರೂ ಒಪ್ಪಿದೆವು. ನೂರಾರು ಚೀಟಿಗಳಿಂದ ಬೇಡದ್ದನ್ನು ತಳ್ಳುತ್ತ ತಳ್ಳುತ್ತ ಕೊನೆಗೆ ಎರಡು ಉಳಿದವು. ಎರಡೂ ಬಿಳಿಯ ಕುಲದವು. ಒಂದರಲ್ಲಿ ಹಳದಿಯ ನೆನಪಿತ್ತು, ಇನ್ನೊಂದರಲ್ಲಿ ಬೂದಿಯ ನೆನಪಿತ್ತು. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ನನ್ನ ಹೆಂಡತಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ಇಷ್ಟು ಹೊತ್ತು ಕೂತಿದ್ದೀರಾ? ಎರಡೂ ಒಂದೇ" ಎಂದು ಅಡುಗೆಮನೆಗೆ ಹೋದಳು.

ಎರಡೂ ಒಂದೇ ಆಗಿದ್ದರೆ ಜಗಳವಾಗುತ್ತಿರಲಿಲ್ಲ. ತಮ್ಮ ಹಳದಿಯ ನೆರಳಿನದನ್ನು ಹಿಡಿದ. ನಾನು ಬೂದಿಯ ನೆರಳಿನದನ್ನು ಹಿಡಿದೆ. ಅಂಗಡಿಯವರು ಅವಕ್ಕೆ ಇಟ್ಟಿದ್ದ ಇಂಗ್ಲಿಷ್ ಹೆಸರುಗಳು ನಾಲಗೆಗೆ ಹೊರಳಲಿಲ್ಲ. ಆದ್ದರಿಂದ ನಮ್ಮ ನಡುವೆ ಅವನದು ಬೆಣ್ಣೆ, ನನ್ನದು ಸುಣ್ಣ ಎಂದಾಯಿತು.

ಸುಣ್ಣದ ಪಕ್ಷ

ನನ್ನ ಪಕ್ಷಕ್ಕೆ ಆಧಾರವಾಗಿದ್ದದ್ದು ಬಾಲ್ಯದ ನೆನಪು. ಪ್ರತಿ ವರ್ಷ ಯುಗಾದಿಗೆ ಮುಂಚೆ ತಂದೆಯವರು ತಾವೇ ನಿಂತು ಮನೆಗೆ ಸುಣ್ಣ ಬಳಿಸುತ್ತಿದ್ದರು. ಹಿತ್ತಿಲಿನಲ್ಲಿ ಮಣ್ಣಿನ ಬಾನಿಯಿಟ್ಟು ಸುಟ್ಟ ಸುಣ್ಣದ ಕಲ್ಲುಗಳಿಗೆ ನೀರು ಹೊಯ್ದರೆ ಅದು ಕೊತಕೊತನೆ ಕುದಿಯುತ್ತಿತ್ತು. ಒಲೆಯಿಲ್ಲದೆ ನೀರು ಕುದಿಯುವ ಆ ಚಮತ್ಕಾರವನ್ನು ನಾವು ಮಕ್ಕಳು ದೂರದಲ್ಲಿ ನಿಂತು ನೋಡುತ್ತಿದ್ದೆವು. ಹತ್ತಿರ ಹೋದರೆ ಏಟು ಬೀಳುತ್ತಿತ್ತು. ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ, ಕೊನೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಕದಡಿ, ನಾರಿನ ಕುಂಚದಿಂದ ಬಳಿಯುತ್ತಿದ್ದರು.

ಈ ಕೆಲಸದ ಹಿಂದಿರುವ ರಸಾಯನವನ್ನು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಅದರ ಸೊಗಸು ಆಗ ನಮಗೆ ತಿಳಿಯುವುದಿಲ್ಲ. ಸುಣ್ಣದ ಕಲ್ಲನ್ನಾಗಲಿ, ಕರಾವಳಿಯವರು ಬಳಸುವ ಚಿಪ್ಪನ್ನಾಗಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣ ನೀರನ್ನು ಕುಡಿದು ಅರಳುತ್ತದೆ. ಗೋಡೆಯ ಮೇಲೆ ಬಳಿದ ಬಳಿಕ, ಕಳೆದುಕೊಂಡ ಆ ಅನಿಲವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಪುನಃ ಕಲ್ಲಾಗುತ್ತದೆ. ಸುಣ್ಣ ಬಳಿಯುವುದೆಂದರೆ ಗೋಡೆಗೆ ಕಾಗದಕ್ಕಿಂತ ತೆಳುವಾದ ಕಲ್ಲನ್ನು ಹೊದಿಸುವುದೆಂದೇ ಅರ್ಥ. ಬಳಿಯುವಾಗ ಅದು ನೀರಿನಂತೆ ಪಾರದರ್ಶಕ, ಹಳೆಯ ಕಲೆಗಳೆಲ್ಲ ಹಾಗೆಯೇ ಕಾಣುತ್ತವೆ. ಒಣಗುತ್ತ ಬಂದಂತೆ ಬಿಳುಪು ಎಲ್ಲಿಂದಲೋ ಬಂದು ಕೂಡುತ್ತದೆ. ಹಸಿಯಾಗಿದ್ದಾಗ ಕಣಗಳ ನಡುವೆ ನೀರಿರುತ್ತದೆ, ಒಣಗಿದಾಗ ಗಾಳಿ ಬಂದು ಸೇರುತ್ತದೆ, ಗಾಳಿಗೂ ಕಣಕ್ಕೂ ನಡುವೆ ಬೆಳಕು ಹೆಚ್ಚಾಗಿ ಚದರುತ್ತದೆ ಎಂಬುದು ಅದರ ಕಾರಣ. ಸಂಜೆ ಶಾಲೆಯಿಂದ ಬಂದಾಗ ಬೆಳಗಿನ ಕೊಳಕು ಗೋಡೆ ಬೆಳದಿಂಗಳಂತೆ ನಿಂತಿರುತ್ತಿತ್ತು. ಆ ಬಿಳುಪು ಈ ಚೀಟಿಯಲ್ಲಿದೆ ಎಂಬುದೇ ನನ್ನ ವಾದ.

ತಮ್ಮನ ವಾದ ಬೇರೆ. "ಆಸ್ಪತ್ರೆಯ ಗೋಡೆ ನೋಡಿ ನೋಡಿ ಅಮ್ಮನಿಗೆ ಸಾಕಾಗಿದೆ. ಮನೆಗೆ ಬಂದಮೇಲೂ ಅದೇ ಬೇಕಾ ಅಣ್ಣ? ಸ್ವಲ್ಪ ಬೆಚ್ಚಗಿರಲಿ" ಎಂದ. ಅದು ಬಣ್ಣದ ಮಾತಾಗಿದ್ದರೂ ಅದರೊಳಗೆ ಬೇರೊಂದು ಮಾತಿತ್ತು. ತಾಯಿ ನನ್ನ ಬಳಿ ಇದ್ದಾರೆ, ಅವನು ದೂರವಿದ್ದಾನೆ. ಅವರನ್ನು ನಾನು ಸರಿಯಾಗಿ ನೋಡಿಕೊಳ್ಳುವೆನೋ ಇಲ್ಲವೋ ಎಂಬ ಆತಂಕ ಅವನಿಗೆ. ಅವನು ತಿಂಗಳಿಗೊಮ್ಮೆ ಬಂದು ತಪ್ಪು ಹುಡುಕುತ್ತಾನೆಂಬ ಕಹಿ ನನಗೆ. ಅಣ್ಣನೆಂದರೆ ಅಮ್ಮನಿಗೆ ಹೆಚ್ಚೆಂದು ಅವನೂ, ಕಿರಿಯವನೆಂದರೆ ಅಮ್ಮನಿಗೆ ಹೆಚ್ಚೆಂದು ನಾನೂ ಅರುವತ್ತು ದಾಟಿದ ಮೇಲೂ ನಂಬಿಕೊಂಡಿದ್ದೆವು. ಎರಡು ಅಂಗುಲದ ಚೀಟಿಗಳ ಮೇಲೆ ಇಷ್ಟೆಲ್ಲ ಭಾರ ಬಿದ್ದಿತ್ತು.

ಗೋಬೆಲಿನ್ಸ್ ನೇಕಾರರ ದೂರು

ತಮ್ಮ ಊರಿಗೆ ಹಿಂದಿರುಗಿದ ಮೇಲೆ ನಾನು ಅಂಗಡಿಗೆ ಹೋದೆ. ಈಗ ಬಣ್ಣವನ್ನು ಬೆರೆಸುವುದು ಯಂತ್ರ. ಬಿಳಿಯ ಮೂಲಬಣ್ಣದ ಡಬ್ಬಿಗೆ ಅದು ಕೆಲವು ತೊಟ್ಟು ವರ್ಣದ್ರವ್ಯ ಹನಿಸಿ, ಕುಲುಕಿ ಕೊಡುತ್ತದೆ. ಆ ಮೂಲದ ಬಿಳುಪು ಟೈಟಾನಿಯಂ ಡೈಆಕ್ಸೈಡಿನದು. ನಾರ್ವೆ ಮತ್ತು ಅಮೆರಿಕಗಳಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತಯಾರಿಕೆಗೆ ಬಂದ ಈ ಪುಡಿ ವಿಷವಾದ ಸೀಸದ ಬಿಳಿಯನ್ನು ಕ್ರಮೇಣ ಮೂಲೆಗೆ ತಳ್ಳಿತು. ಇದಕ್ಕೆ ಬೇಕಾದ ಇಲ್ಮನೈಟ್ ಅದಿರು ಕೇರಳದ ಕಡಲ ಮರಳಿನಲ್ಲಿಯೂ ಇದೆ. ನಮ್ಮ ಎರಡು ಬಣ್ಣಗಳ ಲೆಕ್ಕವನ್ನು ಅಂಗಡಿಯ ಹುಡುಗ ತೆರೆಯ ಮೇಲೆ ತೋರಿಸಿದ. ಎರಡಕ್ಕೂ ಹಳದಿ ಉಂಟು, ಎರಡಕ್ಕೂ ಕಪ್ಪು ಉಂಟು. ಒಂದಕ್ಕೆ ಹಳದಿ ತುಸು ಮುಂದು, ಇನ್ನೊಂದಕ್ಕೆ ಕಪ್ಪು ತುಸು ಮುಂದು. ಅಣ್ಣತಮ್ಮಂದಿರ ಹಾಗೆಯೇ ಸರಿ ಎಂದುಕೊಂಡೆ.

"ಚೀಟಿ ನೋಡಿ ನಿರ್ಧಾರ ಮಾಡಬೇಡಿ ಸರ್. ಕಾಲು ಲೀಟರ್ ಒಂದೊಂದು ತಗೊಂಡು ಹೋಗಿ ಬಳಿದು ನೋಡಿ" ಎಂದ ಹುಡುಗ. ವ್ಯಾಪಾರದ ಮಾತೆಂದು ಮೊದಲು ತೋರಿತು. ಆದರೆ ಅವನ ಮಾತಿನ ಹಿಂದೆ ಎರಡು ಶತಮಾನಗಳ ಅನುಭವವಿದೆ ಎಂಬುದು ಮನೆಗೆ ಬಂದು ಪುಸ್ತಕ ತೆಗೆದಾಗ ನೆನಪಾಯಿತು.

ಪ್ಯಾರಿಸಿನಲ್ಲಿ ಗೋಬೆಲಿನ್ಸ್ ಎಂಬ ರಾಜಮನೆತನದ ನೇಯ್ಗೆಯ ಕಾರ್ಖಾನೆಯಿತ್ತು. ಅರಮನೆಗಳ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳಿಗೆ ಅದು ಹೆಸರಾಗಿತ್ತು. 1824ರಲ್ಲಿ ಅಲ್ಲಿಯ ಬಣ್ಣದ ವಿಭಾಗದ ಮೇಲ್ವಿಚಾರಣೆಗೆ ಮಿಷೆಲ್ ಯೂಜೀನ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಬಂದ. ಅವನ ಮುಂದೆ ಬಂದ ದೂರುಗಳಲ್ಲಿ ಒಂದು ಕಪ್ಪು ಉಣ್ಣೆಯನ್ನು ಕುರಿತದ್ದು. ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳನ್ನು ನೇಯುವಾಗ ಈ ಕಪ್ಪಿಗೆ ಗಟ್ಟಿತನವೇ ಇಲ್ಲ, ಮಂಕಾಗಿದೆ ಎಂದು ದೂರು. ಷೆವ್ರಲ್ ತನ್ನ ಶಾಸ್ತ್ರದ ರೀತಿಯಲ್ಲಿ ಆ ಉಣ್ಣೆಯನ್ನು ಬೇರೆ ಕಾರ್ಖಾನೆಗಳ ಕಪ್ಪಿನೊಡನೆ ಹೋಲಿಸಿ ನೋಡಿದ. ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನೆರೆಹೊರೆಯಲ್ಲಿ. ನೀಲಿಯ ಪಕ್ಕಕ್ಕೆ ಬಂದ ಕಪ್ಪು ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಪಕ್ಕದಲ್ಲಿಟ್ಟ ಎರಡು ಬಣ್ಣಗಳ ವ್ಯತ್ಯಾಸವನ್ನು ಕಣ್ಣು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ. 1839ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥ ಈ ಒಂದು ನಿಯಮದ ವಿಸ್ತಾರ. ನೂರೆರಡು ವರ್ಷ ಬದುಕಿ 1889ರಲ್ಲಿ ತೀರಿಕೊಂಡ ಈ ಮನುಷ್ಯನ ಪುಸ್ತಕದಿಂದ ಚಿತ್ರಕಾರರ ಒಂದೆರಡು ತಲೆಮಾರುಗಳು ಪಾಠ ಕಲಿತವು.

ನಮ್ಮವರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು ಎಂದರೆ ಹೆಮ್ಮೆಯ ಮಾತೆನ್ನಬೇಡಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅದರ ಬಿಳಿ ಬರಿಯ ಅಕ್ಕಿಯ ಹಿಟ್ಟು. ಅದನ್ನೇ ಕಾಗದದ ಮೇಲೆ ಹಚ್ಚಿದರೆ ಮಂಕು. ಕೆಮ್ಮಣ್ಣಿನ ಮೇಲೆ ಎಳೆದರೆ ಗೆರೆಗೆರೆಯೂ ಬೆಳಗುತ್ತದೆ. ದೇವಸ್ಥಾನದ ಗೋಡೆಗೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆಗಳನ್ನು ಒಂದರ ಪಕ್ಕ ಒಂದು ಎಳೆದವರೂ ಇದನ್ನೇ ಕಂಡುಕೊಂಡಿದ್ದರು.

ಬಣ್ಣದ ಚೀಟಿ ಮೋಸ ಮಾಡುವುದು ಇದರಿಂದಲೇ. ಅಚ್ಚ ಬಿಳಿಯ ಹಾಳೆಯ ಮೇಲೆ ಅಂಟಿಸಿದ ಬೆಣ್ಣೆ ಬಣ್ಣ ಕೊಳೆಯಾಗಿ ಕಾಣುತ್ತದೆ. ಹಳದಿ ಮರದ ಮೇಜಿನ ಮೇಲಿಟ್ಟರೆ ಅದೇ ಬೆಳ್ಳಗಾಗುತ್ತದೆ. ಇನ್ನೊಂದು ತೊಡಕೂ ಉಂಟು. ಚೀಟಿ ಒಂಟಿ, ಗೋಡೆಗಳು ನಾಲ್ಕು. ಒಂದು ಗೋಡೆಯಿಂದ ಪುಟಿದ ಬೆಳಕು ಎದುರಿನ ಗೋಡೆಗೆ ಬಡಿದು, ಪ್ರತಿ ಸಲವೂ ಆ ಬಣ್ಣವನ್ನು ತುಸುತುಸುವಾಗಿ ಹೀರಿಕೊಂಡು ಬರುತ್ತದೆ. ಚೀಟಿಯಲ್ಲಿ ಸುಳಿವಾಗಿದ್ದ ಹಳದಿ ಕೋಣೆಯಲ್ಲಿ ಹಳದಿಯೇ ಆಗಿಬಿಡಬಹುದು.

ದಿನದ ಆರು ಬಿಳುಪುಗಳು

ಹುಡುಗನ ಮಾತಿನಂತೆ ಕಾಲು ಲೀಟರಿನ ಎರಡು ಡಬ್ಬಿಗಳನ್ನು ತಂದೆ. ಹಳೆಯ ಗೋಡೆಯ ಮೇಲೆಯೇ ಬಳಿದರೆ ಹಳೆಯ ಬಣ್ಣ ಪಕ್ಕದಲ್ಲಿ ನಿಂತು ದಾರಿ ತಪ್ಪಿಸುತ್ತದೆ. ಆದ್ದರಿಂದ ಎರಡೆರಡು ಅಡಿಯ ಎರಡು ರಟ್ಟುಗಳಿಗೆ ಎರಡು ಸಲ ಬಳಿದು ಒಣಗಿಸಿ, ತಾಯಿಯವರ ಕೋಣೆಯಲ್ಲಿ ಒರಗಿಸಿಟ್ಟೆ. ಒಂದು ಸಲ ಕಿಟಕಿಯ ಪಕ್ಕ, ಒಂದು ಸಲ ಕಿಟಕಿಯ ಎದುರು, ಒಂದು ಸಲ ಮೂಲೆಯಲ್ಲಿ. ಮೂರು ದಿನ ಇದೇ ಕೆಲಸ. ನಿವೃತ್ತನಾದವನಿಗೆ ಇಂಥ ಉದ್ಯೋಗಗಳು ಬೇಕಾಗುತ್ತವೆ.

ಬೆಳಗಿನ ಏಳು ಗಂಟೆಗೆ ಎರಡು ರಟ್ಟುಗಳೂ ನೀಲಿಯ ಕಡೆಗೆ ವಾಲಿದ್ದವು. ಉತ್ತರದ ಕಿಟಕಿಯಿಂದ ಬರುವುದು ಬಿಸಿಲಲ್ಲ, ಆಕಾಶದ ಬೆಳಕು. ಅದರ ಬಣ್ಣ ನೀಲಿಯ ಕಡೆಗೆ. ನನ್ನ ಸುಣ್ಣ ಆಗ ಚಳಿ ಹಿಡಿದವರ ತುಟಿಯಂತಿತ್ತು. ತಮ್ಮನ ಬೆಣ್ಣೆ ಹಾಲಿನಂತಿತ್ತು. ಮಧ್ಯಾಹ್ನ ಹಿತ್ತಿಲಿನ ಬಾಳೆಯ ಎಲೆಗಳಿಂದ ಪುಟಿದ ಬೆಳಕು ಎರಡಕ್ಕೂ ಹಸಿರು ಲೇಪಿಸಿತು. ಸಂಜೆ ಹಜಾರದ ಕಡೆಯಿಂದ ಹೊಂಬಿಸಿಲು ಬಾಗಿಲನ್ನು ದಾಟಿ ಒಳಗೆ ಬಿದ್ದಾಗ ಬೆಣ್ಣೆ ಕಾಯಿಸಿದ ಬೆಣ್ಣೆಯಾಯಿತು, ಸುಣ್ಣ ಬೆಣ್ಣೆಯಾಯಿತು. ರಾತ್ರಿ ಕೊಳವೆದೀಪ ಹಾಕಿದರೆ ಒಂದು ಬಗೆ. ಅದನ್ನು ಆರಿಸಿ ಹಾಸಿಗೆಯ ಪಕ್ಕದ ಹಳದಿ ದೀಪ ಹಾಕಿದರೆ ಇನ್ನೊಂದು ಬಗೆ. ಬೆಳಕಿನ ಬಣ್ಣವನ್ನು ಅಳೆಯುವವರು ಹಳೆಯ ತಂತಿ ಬಲ್ಬಿಗೆ ಸುಮಾರು 2,700 ಕೆಲ್ವಿನ್ ಎಂದೂ, ಮೋಡ ಕವಿದ ಹಗಲಿಗೆ ಸುಮಾರು 6,500 ಕೆಲ್ವಿನ್ ಎಂದೂ ಹೇಳುತ್ತಾರೆ. ಅಂಕಿ ಹೆಚ್ಚಿದಂತೆ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಒಂದೇ ಗೋಡೆ ದಿನದಲ್ಲಿ ಈ ಎರಡು ಕೊನೆಗಳ ನಡುವೆ ಓಡಾಡುತ್ತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣವನ್ನೇ ಹಚ್ಚಬೇಕೆಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಅದು ನಡುಹಗಲಿನ ಸೂರ್ಯ ಸದಾ ದಕ್ಷಿಣದಲ್ಲಿಯೇ ಇರುವ ಯೂರೋಪಿನ ಮಾತು. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗು ಬೈಗು ಉತ್ತರದ ಕಿಟಕಿಯೊಳಗೂ ಬಿಸಿಲು ಇಣುಕುತ್ತದೆ. ಪುಸ್ತಕದ ವಿಧಿಯನ್ನು ನಮ್ಮ ಅಕ್ಷಾಂಶಕ್ಕೆ ತಿದ್ದಿಕೊಳ್ಳದೆ ನಂಬಬಾರದು. ಈ ವಿಚಾರವನ್ನು ತಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ನನ್ನ ಪಕ್ಷಕ್ಕೆ ಸೂರ್ಯನನ್ನೂ ಸಾಕ್ಷಿಗೆ ಕರೆದೆನೆಂದು ಅವನು ನಕ್ಕ. ನಗುವಿನಲ್ಲಿ ಸೋಲು ಇರಲಿಲ್ಲ.

ಕೇಳದೆ ಉಳಿದವರು

ಮೂರನೆಯ ಸಂಜೆ ರಟ್ಟುಗಳನ್ನು ಜರುಗಿಸುತ್ತಿದ್ದಾಗ ಮಂಚದ ಮೇಲೆ ಕುಳಿತಿದ್ದ ತಾಯಿ ಕೇಳಿದರು:

"ಏನೋ ಅದು, ಮೂರು ದಿನದಿಂದ ಎತ್ತಿ ಇಡ್ತಾ ಇದೀಯ?"

"ನಿಮ್ಮ ಕೋಣೆಗೆ ಬಣ್ಣ ನೋಡ್ತಿದೀನಮ್ಮ."

"ನನ್ನ ಕೋಣೆಗೆ ತಾನೇ? ನನ್ನ ಕೇಳಬಾರದಾ?"

ನಾನು ಉತ್ತರ ಕೊಡಲಿಲ್ಲ. ಕೇಳದಿದ್ದದ್ದಕ್ಕೆ ನಮ್ಮಲ್ಲಿ ಕಾರಣವಿತ್ತು: ತಾಯಿಗೆ ಎರಡು ಕಣ್ಣಿಗೂ ಪೊರೆ. ಬಲಗಣ್ಣಿನ ಪೊರೆಯನ್ನು ತೆಗೆಸಿ ಮೂರು ವಾರಗಳಾಗಿದ್ದವು, ಎಡಗಣ್ಣಿನದು ಇನ್ನೂ ಉಳಿದಿತ್ತು. ಕಣ್ಣೇ ಸರಿಯಿಲ್ಲದವರನ್ನು ಬಣ್ಣ ಕೇಳುವುದು ಹೇಗೆ ಎಂದು ಇಬ್ಬರೂ ಗಂಡುಮಕ್ಕಳು ಒಬ್ಬರಿಗೊಬ್ಬರು ಹೇಳದೆಯೇ ಒಪ್ಪಿಕೊಂಡುಬಿಟ್ಟಿದ್ದೆವು. ಆ ಕೋಣೆಯಲ್ಲಿ ದಿನದ ಇಪ್ಪತ್ತು ಗಂಟೆ ಕಳೆಯುವವರು ಅವರು. ಸೂರ್ಯನ ಅಭಿಪ್ರಾಯವನ್ನು ಕೇಳಿದ ನಾನು ಅವರ ಅಭಿಪ್ರಾಯವನ್ನು ಕೇಳಿರಲಿಲ್ಲ.

ರಟ್ಟುಗಳನ್ನು ಅವರ ಮುಂದೆ ನಿಲ್ಲಿಸಿದೆ. ಅವರು ಒಂದು ಕೈಯಿಂದ ಎಡಗಣ್ಣು ಮುಚ್ಚಿ ನೋಡಿದರು. ಬಳಿಕ ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಒಂದು ಸಲ ಹಾಗೆಯೇ ಮಾಡಿದರು. ಆಮೇಲೆ ನಗತೊಡಗಿದರು.

"ಈ ಕಣ್ಣಲ್ಲಿ ನೋಡಿದ್ರೆ ಎರಡೂ ಬೆಣ್ಣೆ ಕಣೋ. ಈ ಕಣ್ಣಲ್ಲಿ ನೋಡಿದ್ರೆ ಎರಡೂ ಸುಣ್ಣ. ನೀವಿಬ್ರೂ ನನಗೆ ಎರಡು ಕಣ್ಣು ಅಂತ ಊರೋರಿಗೆಲ್ಲ ಹೇಳ್ಕೊಂಡು ಬಂದೆ. ಗಾದೆ ನಿಜ ಆಯ್ತು ನೋಡು."

ಗಾದೆ ಅಕ್ಷರಶಃ ನಿಜವಾಗಿತ್ತು. ನಮ್ಮ ಕಣ್ಣಿನ ಮಸೂರ ವಯಸ್ಸಿನೊಡನೆ ಹಳದಿಯಾಗುತ್ತ ಹೋಗುತ್ತದೆ. ಪೊರೆ ಬಲಿತಂತೆ ಕಂದು ಬಣ್ಣಕ್ಕೂ ತಿರುಗುತ್ತದೆ. ಬೆಳಕಿನ ನೀಲಿಯ ಭಾಗವನ್ನು ಅದು ತಡೆದು ನಿಲ್ಲಿಸುತ್ತದೆ. ಇಷ್ಟೂ ನಿಧಾನವಾಗಿ ನಡೆಯುವುದರಿಂದ ನಮಗೆ ಅದರ ಅರಿವಾಗುವುದಿಲ್ಲ. ಮನಸ್ಸು ಆ ಹಳದಿಯನ್ನೇ ಬಿಳಿಯೆಂದು ಲೆಕ್ಕ ಹಿಡಿಯುತ್ತದೆ. ಒಂದು ಕಣ್ಣಿನ ಮಸೂರವನ್ನು ತೆಗೆದು ಸ್ವಚ್ಛವಾದ ಕೃತಕ ಮಸೂರವನ್ನಿಟ್ಟಾಗ ಆ ಲೆಕ್ಕ ಬಯಲಾಗುತ್ತದೆ. ಹೊಸ ಕಣ್ಣಿಗೆ ಲೋಕ ನೀಲಿ ಹಾಕಿ ಒಗೆದಂತೆ ಕಾಣುತ್ತದೆ, ಹಳೆಯ ಕಣ್ಣಿಗೆ ಚಹಾದಲ್ಲಿ ಅದ್ದಿದಂತೆ ಕಾಣುತ್ತದೆ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಈ ಸ್ಥಿತಿಯಲ್ಲಿಯೇ. ಬೆಳಕು ಗಳಿಗೆಗಳಿಗೆಗೂ ಬದಲಾಗುವುದನ್ನು ಜೀವಮಾನವೆಲ್ಲ ಬರೆದ ಆ ಕಣ್ಣುಗಳಿಗೆ ಪೊರೆ ಬಂದು, ಅವನ ತಾವರೆಕೊಳದ ಚಿತ್ರಗಳು ಕೆಂಪು ಕಂದುಗಳಲ್ಲಿ ಮುಳುಗತೊಡಗಿದ್ದವು. 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಎಲ್ಲವೂ ನೀಲಿಯೆಂದು ಅವನು ಕಳವಳಪಟ್ಟ, ಬಣ್ಣದ ಕನ್ನಡಕಗಳನ್ನು ಹಾಕಿ ನೋಡಿದ. ಎಡಗಣ್ಣಿಗೆ ಮಾತ್ರ ಕತ್ತಿ ತಾಗಿಸಲು ಅವನು ಒಪ್ಪಲೇ ಇಲ್ಲ. 1926ರಲ್ಲಿ ತೀರಿಕೊಳ್ಳುವವರೆಗೂ ಅವನಿಗೆ ಎರಡು ಕಣ್ಣಿಗೆ ಎರಡು ಲೋಕ. ಅಷ್ಟು ದೊಡ್ಡ ಕಲಾವಿದನ ಬಿಳಿಗೇ ಈ ಗತಿಯಾದರೆ, ನನ್ನ ಬಿಳಿಯೇ ನಿಜವಾದ ಬಿಳಿಯೆಂದು ಅರುವತ್ತೈದರ ಮಸೂರದಿಂದ ನೋಡಿ ನಾನು ಹಟ ಹಿಡಿದದ್ದು ಯಾವ ಧೈರ್ಯದ ಮೇಲೆ?

"ಎಡಗಣ್ಣೂ ಆಗಲಿ ಬಿಡು. ಎರಡು ಕಣ್ಣಲ್ಲೂ ನೋಡಿ ಹೇಳ್ತೀನಿ" ಎಂದರು ತಾಯಿ. ಮೇಸ್ತ್ರಿ ಗೊಣಗಿಕೊಂಡು ಬೇರೆ ಕೆಲಸಕ್ಕೆ ಹೋದ. ಆ ವರ್ಷದ ಯುಗಾದಿ ಹಳೆಯ ಗೋಡೆಗಳ ನಡುವೆಯೇ ಕಳೆಯಿತು.

ಕಪಾಟಿನ ಹಿಂದಿನ ಗೋಡೆ

ಎಡಗಣ್ಣಿನ ಚಿಕಿತ್ಸೆಯಾಗಿ ತಿಂಗಳು ಕಳೆದ ಮೇಲೆ ಮೇಸ್ತ್ರಿ ಬಂದು ಕೋಣೆಯ ಕಪಾಟನ್ನು ಸರಿಸಿದ. ಅದರ ಹಿಂದೆ ಗೋಡೆ ಎಷ್ಟೋ ವರ್ಷಗಳಿಂದ ಕುಂಚ ಕಂಡಿರಲಿಲ್ಲ. ಕೆರೆಯುವ ತಗಡನ್ನು ಆನಿಸಿದೊಡನೆ ಅಂಗೈಯಗಲದ ಹೆಪ್ಪಳಿಕೆಯೊಂದು ಕಳಚಿ ಬಿತ್ತು. ಅದರ ಅಂಚಿನಲ್ಲಿ ಪದರ ಪದರವಾಗಿ ನಮ್ಮ ಮನೆಯ ಚರಿತ್ರೆಯಿತ್ತು: ಮೇಲೆ ನನ್ನ ಕಾಲದ ಡಿಸ್ಟೆಂಪರ್, ಕೆಳಗೆ ತಂದೆಯವರ ಕಾಲದ ಸುಣ್ಣ, ವರ್ಷಕ್ಕೊಂದರಂತೆ ಒತ್ತಿಕೊಂಡ ಕಲ್ಲಿನ ತೆಳುಪದರಗಳು. ಇದೇ ನನ್ನ ಸಾಕ್ಷಿ ಎಂದು ಸಂಭ್ರಮದಿಂದ ಆ ಚೂರನ್ನು ಒಯ್ದು ಎರಡು ರಟ್ಟುಗಳ ನಡುವೆ ಹಿಡಿದೆ.

ಅದು ಬೆಣ್ಣೆಗೆ ಹೊಂದಿತು.

ಕಿಟಕಿಯ ಬಳಿ ಹಿಡಿದೆ, ಅಂಗಳಕ್ಕೆ ಒಯ್ದೆ. ಸಂಶಯವಿರಲಿಲ್ಲ. ನಾನು ಅರುವತ್ತು ವರ್ಷ ಸುಣ್ಣವೆಂದು ನೆನೆದದ್ದು ತಮ್ಮನ ಚೀಟಿಯ ಪಕ್ಕದಲ್ಲಿ ಕರಗಿಹೋಗುತ್ತಿತ್ತು. ನನ್ನ ಚೀಟಿಯ ಪಕ್ಕದಲ್ಲಿ ಪರದೇಶಿಯಂತೆ ನಿಲ್ಲುತ್ತಿತ್ತು. ಹೊಗೆ, ಧೂಳು, ಕಾಲ ಇವು ಹಳದಿ ಮಾಡಿರಬಹುದೆಂದು ತಾಯಿಯ ಮುಂದೆ ವಾದ ಹೂಡಿದೆ.

"ಹೊಗೆ ಸ್ವಲ್ಪ ಇರಬಹುದು. ಆದ್ರೆ ಆ ಸುಣ್ಣ ಯಾವತ್ತೂ ಈಗಿನ ಬಣ್ಣದಷ್ಟು ಬೆಳ್ಳಗೆ ಇರಲಿಲ್ಲಪ್ಪ. ಅದಕ್ಕೇ ನಿಮ್ಮಪ್ಪ ನೀಲಿ ಹಾಕ್ತಿದ್ದದ್ದು. ಕೆಳಗೆ ಒಂದು ಮೊಳ ಕೆಮ್ಮಣ್ಣು ಬಳಿಸ್ತಿರಲಿಲ್ವಾ? ಅದರ ಮೇಲಿದ್ರೆ ಎಂಥದೂ ಬೆಳ್ಳಗೇ ಕಾಣುತ್ತೆ" ಎಂದರು ಅವರು.

ಆ ಕೆಮ್ಮಣ್ಣಿನ ಪಟ್ಟೆಯನ್ನು ನಾನು ಮರೆತೇ ಇದ್ದೆ. ನೆನಪು ಬಿಳಿಯನ್ನು ಮಾತ್ರ ಇಟ್ಟುಕೊಂಡು, ಅದನ್ನು ಬಿಳಿಯಾಗಿಸಿದ ನೆರೆಯನ್ನು ಬಿಟ್ಟುಬಿಟ್ಟಿತ್ತು. ಷೆವ್ರಲನ ನಿಯಮವನ್ನು ಅವರಿವರಿಗೆ ವಿವರಿಸಿ ಬಂದವನು ಅದನ್ನು ನನ್ನ ಬಾಲ್ಯಕ್ಕೆ ಅನ್ವಯಿಸಿ ನೋಡಿರಲಿಲ್ಲ.

"ಹಾಗಾದ್ರೆ ಯಾವುದು ಅಮ್ಮ?"

ತಾಯಿ ಎರಡು ಕಣ್ಣುಗಳಿಂದಲೂ ಬಹಳ ಹೊತ್ತು ನೋಡಿದರು. "ಇದು ಚೆನ್ನಾಗಿದೆ, ಆದ್ರೆ ದೀಪ ಹಾಕಿದಾಗ ಕಣ್ಣಿಗೆ ಚುಚ್ಚುತ್ತೆ. ಅದೇ ಇರಲಿ" ಎಂದು ಬೆಣ್ಣೆಯನ್ನು ತೋರಿಸಿದರು. ಬಳಿಕ ನೆಲದ ಕಡೆ ಬೊಟ್ಟು ಮಾಡಿ, "ಕೆಳಗೊಂದು ಕೆಮ್ಮಣ್ಣಿನ ಪಟ್ಟೆ ಎಳೆಸು. ಬಾಗಿಲ ಚೌಕಟ್ಟಿಗೂ ಅದೇ ಬಳಿಸು. ನೆಲ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲಿ" ಎಂದರು.

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ಎರಡು ವರ್ಷಗಳ ಹಿಂದೆ ಹಳೆಯ ಕೆಂಪು ಗಾರೆಯ ನೆಲವನ್ನು ಮುಚ್ಚಿ, ಸೊಗಸಾಗಿದೆಯೆಂದು ತಿಳಿಬಣ್ಣದ ಹೆಂಚುಗಳನ್ನು ಹಾಸಿಸಿದವನು ನಾನೇ. ಅಂದಿನಿಂದ ಆ ಕೋಣೆಯಲ್ಲಿ ನೆಲ, ಗೋಡೆ, ಬಾಗಿಲು ಎಲ್ಲವೂ ಒಂದೇ ಮಂಜು. ಅರುವತ್ತರ ಕಣ್ಣಿನ ಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರರಲ್ಲಿ ಒಂದು ಪಾಲಿನಷ್ಟು ಎಂದು ಕಣ್ಣಿನ ಶಾಸ್ತ್ರ ಬಲ್ಲವರು ಹೇಳುತ್ತಾರೆ. ಎಂಬತ್ತರ ಕಣ್ಣಿಗೆ, ಅದರ ಮೇಲೆ ಪೊರೆ ಕವಿದಾಗ, ಉಳಿಯುವುದೆಷ್ಟು? ಹಿಂದಿನ ಕಾರ್ತೀಕದಲ್ಲಿ ಅವರು ಬಾಗಿಲಿನ ಬಳಿ ಎಡವಿ ಗೋಡೆ ಹಿಡಿದು ನಿಂತಿದ್ದರು. ಕಾಲು ಸೋತಿತೆಂದು ನಾವು ಅಂದುಕೊಂಡಿದ್ದೆವು. ಅವರೂ ಹಾಗೆಯೇ ಹೇಳಿದ್ದರು. ಎರಡು ಬಿಳಿಗಳಲ್ಲಿ ಯಾವುದೆಂದು ಗಂಡುಮಕ್ಕಳು ಕಾದಾಡುತ್ತಿದ್ದಾಗ ಅವರಿಗೆ ಬೇಕಾಗಿದ್ದದ್ದು ಬಿಳಿಯ ಅಂಚು.

ಮನೆಗೆ ಬಣ್ಣ ಹಚ್ಚಿಸುವವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಚೀಟಿಯನ್ನು ನಂಬಬೇಡಿ, ದೊಡ್ಡ ರಟ್ಟಿಗೆ ಬಳಿದು, ಆ ಕೋಣೆಯಲ್ಲಿಯೇ, ಬೆಳಗಿನಿಂದ ರಾತ್ರಿಯವರೆಗೆ ನೋಡಿ. ನೆಲವನ್ನೂ ಬಾಗಿಲನ್ನೂ ಕಿಟಕಿಯ ಹೊರಗಿನ ಮರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲ್ಲಕ್ಕೂ ಮೊದಲು, ಆ ಕೋಣೆಯಲ್ಲಿ ಯಾರು ಇರುತ್ತಾರೋ ಅವರನ್ನು ಕೇಳಿ. ಅವರ ಕಣ್ಣು ಮಂದವಾಗಿದ್ದರೆ ಇನ್ನೂ ಮೊದಲು ಕೇಳಿ.

ಬಣ್ಣ ಮುಗಿಯಿತು. ಗೋಡೆಗೆ ಬೆಣ್ಣೆ, ಕೆಳಗೆ ಮೊಳದಗಲ ಕೆಮ್ಮಣ್ಣಿನ ಬಣ್ಣ, ಬಾಗಿಲ ಚೌಕಟ್ಟಿಗೂ ಅದೇ. ತಾಯಿ ಈಗ ರಾತ್ರಿ ಎದ್ದರೆ ನನ್ನನ್ನು ಕೂಗುವುದಿಲ್ಲ. ತಮ್ಮನಿಗೆ ಫೋನಿನಲ್ಲಿ, ಅಮ್ಮನೇ ಆರಿಸಿದರು, ಬಂದು ನೋಡು ಎಂದಷ್ಟೇ ಹೇಳಿದ್ದೆ.

ಮುಂದಿನ ಭಾನುವಾರ ಅವನು ಬಂದ. ಕೈಕಾಲು ತೊಳೆದು ಕೋಣೆಯ ಹೊಸಿಲ ಮೇಲೆ ನಿಂತು ನೋಡಿದ. ಕೆಮ್ಮಣ್ಣಿನ ಮೇಲೆ ಗೋಡೆ ಹಬ್ಬದ ಸಂಜೆಯಂತೆ ಬೆಳ್ಳಗೆ ನಿಂತಿತ್ತು. ಅವನ ಮುಖ ಸಣ್ಣದಾಯಿತು.

"ಕೊನೆಗೂ ನಿನ್ನ ಸುಣ್ಣವನ್ನೇ ಹೊಡೆಸಿದೆ ಅಲ್ವಾ ಅಣ್ಣ?" ಎಂದ.

ನಾನು ಬಾಯಿ ತೆರೆಯುವುದಕ್ಕೆ ಮೊದಲೇ ತಾಯಿ ಮಂಚದ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿದರು.

"ಬಾಗಿಲಲ್ಲಿ ನಿಂತು ಹೇಳಬೇಡ. ಒಳಗೆ ಬಂದು ಕೂತ್ಕೋ. ದೀಪ ಹಚ್ಚೋವರೆಗೂ ಇದ್ದು ನೋಡು."